ಏಜೆಂಟ್ ಮೇದಪ್ಪನವರು ಆಂಪ್ಲಿಫಯರ್ ಆರಿಸಿದ್ದು

ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಆಗ ಗಡಿಯಾರ ಇರಲಿಲ್ಲ. ಬಸ್ ಏಜೆಂಟ್ ಮೇದಪ್ಪನವರ ಗಂಟಲಿತ್ತು. ಬೆಳಿಗ್ಗೆ ಆರೂವರೆಗೆ ಅವರು "ಕಡಬ, ಸುಬ್ರಹ್ಮಣ್ಯ! ಕಡಬ, ಸುಬ್ರಹ್ಮಣ್ಯ!" ಎಂದು ಕೂಗಿದರೆಂದರೆ ಹೋಟೆಲಿನವರು ಚಹಾದ ಎರಡನೆಯ ಪಾತ್ರೆ ಒಲೆಗೇರಿಸುತ್ತಿದ್ದರು. ಸುಳ್ಯ ಕಡೆಯ ಗೌಡರ ಮನೆತನದ ಮನುಷ್ಯ ಬೇಸಾಯ ಬಿಟ್ಟು ಬಸ್ಸಿನ ಬಾಗಿಲು ಹಿಡಿದು ಇಪ್ಪತ್ತು ವರ್ಷ ಆಗಿತ್ತು. ಅಷ್ಟೂ ವರ್ಷ ಎಂಜಿನಿನ ಗುಡುಗು, ಡ್ರೈವರನ ಕಿಟಕಿಯ ಹೊರಗೆ ಕೋಣದಂತೆ ಅರಚುವ ರಬ್ಬರ್ ಹಾರನ್ನು, ಇವೆರಡನ್ನೂ ಮೀರಿಸಿ ಕೂಗುವುದೇ ಅವರ ಉದ್ಯೋಗ. ಇಂಥವರಿಗೆ ಸಂಗೀತದ ಹುಚ್ಚು ಹಿಡಿದದ್ದು ಪೇಟೆಗೆಲ್ಲ ತಮಾಷೆಯ ವಿಷಯವಾಯಿತು.

ಹುಚ್ಚು ಹಿಡಿಸಿದವನು ಹೆಂಡತಿ ದೇವಮ್ಮನ ತಮ್ಮ ಚನಿಯಪ್ಪ. ಮುಂಬಯಿಯ ಹಡಗಿನ ಕಂಪೆನಿಯೊಂದರಲ್ಲಿ ಅವನಿಗೆ ಕೆಲಸ. ಅರವತ್ತೈದನೆಯ ಇಸವಿಯಲ್ಲಿ ಅವನ ಸಾಹೇಬರೊಬ್ಬರು ದೇಶ ಬಿಟ್ಟು ಹೋಗುವಾಗ ಇವನಿಗೆ ಕೊಟ್ಟ ಸಾಮಾನನ್ನು ಇವನು ಅಕ್ಕನ ಮನೆಗೆ ಕಳಿಸಿದ. ಬಸ್ಸಿನ ಟಾಪಿನಿಂದ ಇಳಿದದ್ದು ಒಂದು ರೆಕಾರ್ಡ್ ಪ್ಲೇಯರು, ಎರಡು ಮರದ ಸ್ಪೀಕರ್ ಪೆಟ್ಟಿಗೆ, ನಾಲ್ಕು ರೆಕಾರ್ಡು ಮತ್ತು ಒಂದು ಕಾಗದ. "ಭಾವನವರಿಗೆ ನಮಸ್ಕಾರ. ಇದರ ಆಂಪ್ಲಿಫಯರು ಸುಟ್ಟುಹೋಗಿದೆ. ಅದೊಂದನ್ನು ಅಲ್ಲಿಯೇ ನೋಡಿ ತೆಗೆದುಕೊಳ್ಳಿರಿ. ಅದಿಲ್ಲದೆ ಇದು ಹಾಡುವುದಿಲ್ಲ."

ಪೂರ್ತಿ ಹಾಡುವುದಿಲ್ಲ ಎಂದೇನೂ ಇರಲಿಲ್ಲ. ರೆಕಾರ್ಡು ತಿರುಗುವಾಗ ಮುಳ್ಳಿನ ಹತ್ತಿರ ಕಿವಿ ಇಟ್ಟರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಏನೋ ಕೇಳುತ್ತಿತ್ತು. ಎರಡು ತಿಂಗಳು ಮೇದಪ್ಪನವರು ಮೇಜಿನ ಮೇಲೆ ತಲೆ ವಾಲಿಸಿಕೊಂಡು ಆ ಸೊಳ್ಳೆಯ ಸಂಗೀತವನ್ನೇ ಕೇಳಿದರು. ಆಮೇಲೆ ಆಂಪ್ಲಿಫಯರಿನ ಹುಡುಕಾಟ ಶುರುವಾಯಿತು.

ಹುಡುಕಾಟ ಅಂದರೆ ಕೇಳಾಟ. ಪೋಸ್ಟ್ ಮಾಸ್ಟರರನ್ನು ಕೇಳಿದರು, ಹೈಸ್ಕೂಲಿನ ವಿಜ್ಞಾನದ ಮಾಸ್ಟ್ರನ್ನು ಕೇಳಿದರು, ಹೊರಡುವ ಬಸ್ಸಿಗೆ ಹತ್ತುತ್ತಿದ್ದ ಗುರುತಿಲ್ಲದ ಪ್ರಯಾಣಿಕರನ್ನೂ ಬಿಡಲಿಲ್ಲ. "ಕಬಕಕ್ಕೆ ಒಂದು" ಎಂದು ಟಿಕೇಟು ಕೇಳಿದವರಿಗೆ, "ನಿಮ್ಮಲ್ಲಿ ಆಂಪ್ಲಿಫಯರ್ ಉಂಟಾ? ವಾಲ್ವ್ ಎಷ್ಟು?" ಎಂಬ ಪ್ರಶ್ನೆ ಎದುರಾಗುತ್ತಿತ್ತು. ಒಂದು ವರ್ಷದಲ್ಲಿ ಅವರಿಗೆ ವಾಲ್ವಿನ ಬಗ್ಗೆ ಎಷ್ಟು ಗೊತ್ತಾಯಿತೆಂದರೆ, ಯಾವುದನ್ನು ಕೊಳ್ಳಬೇಕೆಂಬುದೊಂದು ಬಿಟ್ಟು ಉಳಿದದ್ದೆಲ್ಲ ಗೊತ್ತಾಯಿತು.

ಕೊನೆಗೆ ಮಹಾಬಲ ಎಂಬವನು ದಾರಿ ತೋರಿಸಿದ. ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ಮಹಾಬಲ. ಒಂದು ಭಾನುವಾರ ತನ್ನ ಹಳೆಯ ಆಂಪ್ಲಿಫಯರನ್ನು ಕೈಗಾಡಿಯಲ್ಲಿ ಹೇರಿಕೊಂಡು ತಂದ.

"ನಲವತ್ತು ವಾಟ್ಸ್, ಮೇದಪ್ಪಣ್ಣ. ಇದನ್ನು ಹಾಕಿದ್ರೆ ನಿಮ್ಮ ಹಾಡು ಕಬಕದಲ್ಲಿ ಕೂತು ಕೇಳ್ಬಹುದು."

ತಂತಿ ಸಿಕ್ಕಿಸಿ, ನಾಲ್ಕರಲ್ಲಿ ಕೈಗೆ ಸಿಕ್ಕಿದ ರೆಕಾರ್ಡು ಇಟ್ಟ. ಅದು ಹಾಡಿನದ್ದಲ್ಲ. ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಲೆಂದು ವಿದೇಶದಲ್ಲಿ ತಯಾರಿಸಿದ, ಬರೇ ಸದ್ದುಗಳದ್ದು. ಮೊದಲನೆಯ ಸದ್ದು ರೈಲು. ರೈಲಿನ ಹಳಿಯೇ ಇಲ್ಲದ ಪುತ್ತೂರಿನಲ್ಲಿ ಒಂದು ರೈಲು ಸಿಳ್ಳು ಹಾಕಿ ನುಗ್ಗಿತು. ಅಟ್ಟದ ಹಿತ್ತಾಳೆ ಚೆಂಬುಗಳು ಗಲಗಲ ಎಂದವು. ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಪೇಟೆಯ ಕಡೆಗೆ ಓಡಿತು.

ಮೇದಪ್ಪನವರ ಮುಖ ಅರಳಿತು. "ಇದು ಸಂಗೀತ!"

ದೇವಮ್ಮ ಅಡಿಗೆ ಕೋಣೆಯಿಂದ ಬಂದು ಎರಡು ಪೆಟ್ಟಿಗೆಗಳಿಗೂ ಸರದಿಯ ಮೇಲೆ ಕಿವಿ ಕೊಟ್ಟರು. "ಅಲ್ಲ, ಎರಡೂ ಒಂದೇ ಹೇಳ್ತವೆ. ಮತ್ತೆ ತಮ್ಮ ಎರಡು ಕಳಿಸಿದ್ದು ಎಂತಕ್ಕೆ?"

ಮಹಾಬಲ ತಲೆ ಕೆರೆದುಕೊಂಡ. ಪ್ರಾಮಾಣಿಕ ಮನುಷ್ಯ. "ಇದು ಒಂದೇ ಬಾಯಿಯದ್ದು, ದೇವಮ್ಮಕ್ಕ. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಹೇಳುವಂಥದ್ದು ಸುಳ್ಯದಲ್ಲಿ ಅದ್ದು ಎಂಬವ ಕಟ್ಟುದುಂಟು."

ಮೇದಪ್ಪನವರಿಗೆ ನಲವತ್ತು ವಾಟ್ಸನ್ನು ಬಿಟ್ಟುಕೊಡಲು ಮನಸ್ಸೇ ಇರಲಿಲ್ಲ. ಆದರೆ ದೇವಮ್ಮನ ತವರು ಸುಳ್ಯದ ಹತ್ತಿರವೇ. ಆಕೆ ಮುಂದಿನ ಭಾನುವಾರಕ್ಕೆ ಸೀರೆ ಮಡಚಿ ಇಟ್ಟಾಗಿತ್ತು. ಪ್ಲೇಯರು, ಪೆಟ್ಟಿಗೆ, ರೆಕಾರ್ಡುಗಳೆಲ್ಲ ಮತ್ತೆ ಬಸ್ಸಿನ ಟಾಪು ಹತ್ತಿದವು.

ಅದ್ದು ರೇಡಿಯೋ ರಿಪೇರಿಯವನು, ಸಪೂರ ಆಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೂಲೆಯಲ್ಲಿ ತಾಯಿ ಆಸಿಯಾ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮೇದಪ್ಪನವರು ವಾಟ್ಸ್, ವಾಲ್ವ್, ಟ್ರಾನ್ಸ್‌ಫಾರ್ಮರು ಎಂದು ತಾವು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುವ ತನಕ ಅದ್ದು ಕಾದ. ಆಮೇಲೆ ಕೇಳಿದ: "ಗೌಡ್ರೆ, ಊರಿಗೆ ಕೇಳ್ಬೇಕಾ, ನಿಮಗೆ ಕೇಳ್ಬೇಕಾ?"

ಗುಂಡ್ಯದ ಕಡೆಯ ಎಸ್ಟೇಟ್ ಮ್ಯಾನೇಜರೊಬ್ಬರಿಗೆಂದು ಅವನು ಒಂದು ಆಂಪ್ಲಿಫಯರ್ ಕಟ್ಟಿದ್ದ. ಅವರಿಗೆ ಬೇರೆ ಊರಿಗೆ ವರ್ಗವಾಗಿ ಅದು ಇಲ್ಲೇ ಉಳಿದಿತ್ತು. ಹೋಳಿಗೆ ಡಬ್ಬಿಯಷ್ಟು ದೊಡ್ಡದು. ಮೇಲೆ ಗಾಜಿನ ವಾಲ್ವುಗಳು ಎರಡು ಸಾಲು, ಮುಂದೆ ಸದ್ದು ಏರಿಸಿ ಇಳಿಸಲು ಎಡಕ್ಕೊಂದು ಬಲಕ್ಕೊಂದು ತಿರುಗಿಸುವ ಗುಬ್ಬಿ. ಅದ್ದು ಸ್ವಿಚ್ ಹಾಕಿದ. ಏನೂ ಕೇಳಲಿಲ್ಲ.

"ಹಾಳಾಗಿದೆ," ಎಂದರು ಮೇದಪ್ಪನವರು, ಒಳಗೊಳಗೇ ಸಂತೋಷದಿಂದ.

"ಬಿಸಿ ಆಗ್ಬೇಕು ಮಾರಾಯ್ರೆ. ನಿಮ್ಮ ಬಸ್ಸು ಬೆಳಿಗ್ಗೆ ಹ್ಯಾಂಡಲ್ ಹಾಕಿದ ಕೂಡ್ಲೆ ಹೊರಡ್ತದಾ?"

ವಾಲ್ವುಗಳ ಒಳಗೆ ಸಣ್ಣದಾಗಿ ಕೆಂಪು ಹತ್ತಿತು. ಮುಳ್ಳು ಇಳಿಯಿತು. ಎಲ್ಲೋ ದೂರ, ಎಡಗಡೆಯ ಗೋಡೆಯಾಚೆ ಎಂಬಂತೆ, ರೈಲು ಸಿಳ್ಳು ಹಾಕಿತು. ಹತ್ತಿರ ಬಂತು. ಪೆಟ್ಟಿಗೆಗಳ ನಡುವೆ ನಿಂತಿದ್ದ ದೇವಮ್ಮ ತಮಗೆ ತಿಳಿಯದೆಯೇ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ಅದಕ್ಕೆ ದಾರಿ ಬಿಟ್ಟರು. ರೈಲು ಕೋಣೆಯನ್ನು ದಾಟಿ ಬಲಗಡೆಯ ಬಾವಿಯ ಕಡೆಗೆ ಹೋಗಿ ಸಣ್ಣದಾಯಿತು.

"ಅಯ್ಯೋ, ಹೋಯ್ತು!" ದೇವಮ್ಮ ಸಣ್ಣ ಹುಡುಗಿಯ ಹಾಗೆ ನಕ್ಕರು.

"ಎಲ್ಲಿಗೆ ಹೋಯ್ತು?" ಮೇದಪ್ಪನವರು ಎಡಗಡೆಯ ಪೆಟ್ಟಿಗೆ ತೋರಿಸಿದರು. "ಇಲ್ಲಿ ಬಂತು, ಇಲ್ಲೇ ಕೆಟ್ಟು ನಿಂತಿತು."

ಮತ್ತೆ ಹಾಕಿದರು. ಮತ್ತೆ ರೈಲು ಎಲ್ಲರ ಪಾಲಿಗೆ ಹೊರಟುಹೋಯಿತು, ಮೇದಪ್ಪನವರ ಪಾಲಿಗೆ ಎಡಗಡೆಯೇ ಕೆಟ್ಟು ನಿಂತಿತು. ಅದ್ದು ತಂತಿಗಳನ್ನು ಅದಲು ಬದಲು ಮಾಡಿದ. ಈಗ ಅವರ ಪಾಲಿಗೆ ರೈಲು ಎಲ್ಲಿಂದಲೂ ಹೊರಡದೆ ನೇರ ಬಂದು ಎಡಕ್ಕೇ ಮುಟ್ಟಿತು. "ನೋಡಿದ್ರಾ, ನಿಮ್ಮ ಮಿಷನ್ನೇ ಸರಿ ಇಲ್ಲ," ಎಂದು ಏಜೆಂಟರು ತೀರ್ಪು ಕೊಟ್ಟರು.

ಆಗ ಆಸಿಯಾ ಮೊರ ಬದಿಗಿಟ್ಟು ಎದ್ದರು. ಮೇದಪ್ಪನವರ ಬಲಗಡೆ ನಿಂತು ಮೆಲ್ಲಗೆ ಕೇಳಿದರು: "ಗೌಡ್ರೆ, ಒಂದು ಬೀಡಿ ಕೊಡ್ಲಾ?"

ಉತ್ತರ ಇಲ್ಲ. ಆಕೆ ಸುತ್ತಿ ಬಂದು ಎಡಗಡೆಯಿಂದ ಅಷ್ಟೇ ಮೆಲ್ಲಗೆ ಅದನ್ನೇ ಕೇಳಿದರು.

"ಬೇಡ ಬೇಡ, ನಾನು ಸೇದುದಿಲ್ಲ," ಎಂದರು ಮೇದಪ್ಪನವರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಅವರಿಗೆ ಏನೋ ಹೊಳೆಯಿತು.

"ಇವನ ಅಪ್ಪ ಇಪ್ಪತ್ತೈದು ವರ್ಷ ಲಾರಿ ಬಿಟ್ಟದ್ದು," ಎಂದರು ಆಸಿಯಾ. "ಅವರಿಗೂ ಒಂದು ಬದಿ ಹೀಗೇ ಆಗಿತ್ತು. ನಿಮ್ಮದು ಪೂರ್ತಿ ಹೋಗಿಲ್ಲ, ಮಂದ ಆದದ್ದು."

ಮೇದಪ್ಪನವರು ಬಲಕಿವಿಯನ್ನು ಮುಟ್ಟಿ ನೋಡಿಕೊಂಡರು, ಅದು ಅಲ್ಲಿ ಉಂಟೋ ಇಲ್ಲವೋ ಎಂಬಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ? ಅದಕ್ಕೇ ಅಲ್ವಾ ನಾನು ಯಾವಾಗ್ಲೂ ನಿಮ್ಮ ಎಡಕ್ಕೆ ಕೂತ್ಕೊಳ್ಳುದು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ದೇನೆ. ಬಲದಿಂದ ಹೇಳಿರ್ಬೇಕು."

ಅದ್ದು ನಗು ತಡೆಯಲಾರದೆ ಬಗ್ಗಿ ಯಾವುದೋ ಸ್ಕ್ರೂ ಹುಡುಕತೊಡಗಿದ. ಮೇದಪ್ಪನವರಿಗೆ ನಗು ಬರಲಿಲ್ಲ. ವರ್ಷವಿಡೀ ಊರವರ ತಲೆ ತಿಂದು ಆರಿಸಹೊರಟ ಸಾಮಾನು ತನ್ನ ಕಿವಿಗೇ ಅಲ್ಲ ಎಂದಾದರೆ? "ಹಾಗಾದ್ರೆ ನನಗೆಂತಕ್ಕೆ ಎರಡು ಬಾಯಿಯದ್ದು? ಮಹಾಬಲನದ್ದೇ ಸಾಕು," ಎಂದು ಎದ್ದರು. ಗಂಟಲು ಎಂದಿನಷ್ಟು ದೊಡ್ಡದಿರಲಿಲ್ಲ.

"ಕೂತ್ಕೊಳ್ಳಿ ಗೌಡ್ರೆ," ಎಂದ ಅದ್ದು. "ಮಹಾಬಲನದ್ದರಲ್ಲಿ ಗುಬ್ಬಿ ಒಂದೇ. ಇದರಲ್ಲಿ ಎರಡು ಇಟ್ಟದ್ದು ಚಂದಕ್ಕಲ್ಲ." ತಂತಿಗಳನ್ನು ಮೊದಲಿನಂತೆ ಸಿಕ್ಕಿಸಿದ. ಅವರ ಸ್ಟೂಲನ್ನು ಬಲಗಡೆಯ ಪೆಟ್ಟಿಗೆಯ ಹತ್ತಿರ ಎಳೆದ. ಬಲಗಡೆಯ ಗುಬ್ಬಿಯನ್ನು ಏರಿಸಿದ, ಎಡಗಡೆಯದ್ದನ್ನು ಸ್ವಲ್ಪ ಇಳಿಸಿದ. ಮುಳ್ಳು ಇಟ್ಟ.

ರೈಲು ಎಡದಿಂದ ಬಂತು. ಎಂದಿನ ಜಾಗದಲ್ಲಿ ತಡವರಿಸಿತು. ಆಮೇಲೆ ನಿಧಾನಕ್ಕೆ, ಡಬ್ಬಿ ಡಬ್ಬಿಯಾಗಿ, ಮೂಗಿನ ಮುಂದಿನಿಂದ ಜಾರಿ ಬಲಕ್ಕೆ ಹೊರಟಿತು.

"ರೈಟ್!" ಎಂದು ಮೇದಪ್ಪನವರು ಕೂಗಿದ ಕೂಗಿಗೆ ಆಸಿಯಾರ ಮೊರದ ಬೀಡಿ ಎಲೆಗಳು ನೆಲದ ತುಂಬ ಹರಡಿದವು. "ರೈಟ್, ರೈಟ್!"

ಅದ್ದುವಿನ ಆಂಪ್ಲಿಫಯರು ಸಂಜೆಯ ಬಸ್ಸಿನಲ್ಲಿ ಏಜೆಂಟರ ತೊಡೆಯ ಮೇಲೆ ಕೂತು ಪುತ್ತೂರಿಗೆ ಬಂತು.

ಆಮೇಲೆ ಮನೆಯಲ್ಲಿ ಒಂದು ಹೊಸ ಜಗಳ ಹುಟ್ಟಿತು. ಮೇದಪ್ಪನವರಿಗೆ ಸರಿಯಾದದ್ದು ಬೇರೆ ಯಾರಿಗೂ ಸರಿಯಾಗುತ್ತಿರಲಿಲ್ಲ. ರೈಲು ನೋಡಲು, ಅಂದರೆ ಕೇಳಲು, ಬಂದ ಡ್ರೈವರು ಕಂಡಕ್ಟರುಗಳಿಗೆಲ್ಲ ಅದು ಬಲಗಡೆಯ ಗೋಡೆಗೆ ಉಜ್ಜಿಕೊಂಡು ಹೋದ ಹಾಗೆ ಕೇಳುತ್ತಿತ್ತು. ದೇವಮ್ಮ ಗುಬ್ಬಿಗಳ ಸುತ್ತ, ಗಂಡ ಕೇಳುವಾಗ ತಿರುಗಿಸಿಡುವ ಜಾಗಕ್ಕೆ ಸುಣ್ಣದ ಬೊಟ್ಟು, ತಾವು ಕೇಳುವಾಗಿನ ಜಾಗಕ್ಕೆ ಕುಂಕುಮದ ಬೊಟ್ಟು ಇಟ್ಟ ಮೇಲೆ ಜಗಳ ನಿಂತಿತು. ಸ್ಟ್ಯಾಂಡಿನಲ್ಲಿ ಏಜೆಂಟರು, ಉಳಿದದ್ದನ್ನೂ ಹಾರನ್ನು ತಿನ್ನದಿರಲೆಂದು, ಬಲಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲತೊಡಗಿದರು. ಯಾರಾದರೂ ನಕ್ಕರೆ ಅದೇ ಕಿವಿಯನ್ನು ಅವರ ಕಡೆಗೆ ತಿರುಗಿಸುತ್ತಿದ್ದರು.

ಅರವತ್ತೆಂಟರ ಒಂದು ಮಧ್ಯಾಹ್ನ ಬಸ್ಸೊಂದು ಕೆಟ್ಟು ಅವರು ಬೇಗ ಮನೆಗೆ ಬಂದರು. ಒಳಗೆ ಪಿಟೀಲಿನ ರೆಕಾರ್ಡು ತಿರುಗುತ್ತಿತ್ತು. ದೇವಮ್ಮ ಗೋಡೆಗೊರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದರು. ಕಾಲಸಪ್ಪಳ ಕೇಳಿ ಎದ್ದು ಗುಬ್ಬಿಗಳನ್ನು ಸುಣ್ಣದ ಬೊಟ್ಟಿಗೆ ತಿರುಗಿಸಲು ಕೈ ಚಾಚಿದರು.

"ಇರ್ಲಿ," ಎಂದರು ಮೇದಪ್ಪನವರು, ಅವರ ಮಟ್ಟಿಗೆ ಬಹಳ ಮೆಲ್ಲಗೆ. ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತರು. ಪಿಟೀಲು ಅರ್ಧವೇ ಕೇಳಿಸಿತು. ಚೆನ್ನಾಗಿಯೇ ಇತ್ತು.