ಪೂಜೆಗೆ ತೊಳೆದಿಟ್ಟ ಬಾಟಲಿಗಳು

2007ರ ಆಯುಧಪೂಜೆಯ ಮಾತು. ನಾನಾಗ ವಿಜಯನಗರದ ಮನೆಯಿಂದ ಕೆಂಗೇರಿ ಕಡೆಯ ಒಂದು ಕಾಲೇಜಿಗೆ ಎಂ.ಎಸ್ಸಿ. ಓದಲು ಹೋಗುತ್ತಿದ್ದೆ. ವೃಷಭಾವತಿ ನದಿಯ ನೀರಿನಲ್ಲಿ ಔಷಧಿಗಳ ಅಂಶ ಇದೆಯೇ ಎಂದು ಪತ್ತೆ ಹಚ್ಚುವುದು ನನ್ನ ಪ್ರಾಜೆಕ್ಟ್. ನುಂಗಿದ ಮಾತ್ರೆಯೆಲ್ಲ ಮೈಯಲ್ಲೇ ಉಳಿಯುವುದಿಲ್ಲ, ಕಕ್ಕಸಿನಿಂದ ಮೋರಿಗೆ, ಮೋರಿಯಿಂದ ನದಿಗೆ ಹೋಗುತ್ತದೆ ಎಂದರೆ ಅಮ್ಮ, ಊಟದ ಹೊತ್ತಲ್ಲಿ ಆ ಸುದ್ದಿ ಬೇಡ ಎನ್ನುತ್ತಿದ್ದರು.

ಕಾಲೇಜಿಗೆ ಹತ್ತಿರ, ನದಿ ದಂಡೆಯಲ್ಲಿ ಕೆಂಪಮ್ಮ ಎನ್ನುವವರು ಹಸು ಸಾಕಿದ್ದರು. ನಮ್ಮ ಕ್ಯಾಂಟೀನಿಗೆ ಅವರದೇ ಹಾಲು. ಬೋರು ಬತ್ತಿದ್ದರಿಂದ ಹಸುಗಳಿಗೆ ನದಿಯ ನೀರೇ ಗತಿ. ಆ ವರ್ಷ ಅವರ ಎರಡು ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಕೆಲವು ದಿನ ಬೆಳಗಿನ ಜಾವ ನೀರಿಗೆ ಆಸ್ಪತ್ರೆಯ ವಾಸನೆ ಬರುತ್ತದೆ, ಮೇಲಿಂದ ಯಾರೋ ಏನೋ ಬಿಡುತ್ತಾರೆ ಎಂದು ಅವರು ಮಾಲಿನ್ಯ ನಿಯಂತ್ರಣದ ಆಫೀಸಿಗೆ ಅಲೆದಿದ್ದರು. ಸಾಕ್ಷಿ ತನ್ನಿ ಎಂದು ವಾಪಸ್ ಕಳಿಸಿದ್ದರಂತೆ.

ನಾನು ಅವರಿಗೆ ಕಂದು ಬಣ್ಣದ ಗಾಜಿನ ಬಾಟಲಿಗಳನ್ನು ಕೊಟ್ಟು, ವಾಸನೆ ಬಂದ ದಿನ ತುಂಬಿಡಿ ಎಂದೆ. ಹಬ್ಬದ ವಾರದಲ್ಲಿ ಮೂರು ಬಾಟಲಿ ಸಿಕ್ಕವು. ಬೇರೆ ಕಡೆಯ ಲ್ಯಾಬಿನಲ್ಲಿ, ಔಷಧಿಯ ಅಂಶ ಅಳೆಯುವ ಮಷೀನಿಗಾಗಿ ಎರಡು ತಿಂಗಳು ಕಾದು, ಹಬ್ಬದ ಮರುದಿನಕ್ಕೆ ಅವಕಾಶ ಪಡೆದಿದ್ದೆ. ಬಾಟಲಿಗಳ ಮೇಲೆ ಕೆಂಪು ಇಂಕಿನಲ್ಲಿ ‘ಮುಟ್ಟಬೇಡಿ’ ಎಂದು ಬರೆದು ನಮ್ಮ ವಿಭಾಗದ ಲ್ಯಾಬಿನ ಫ್ರಿಜ್ಜಿನಲ್ಲಿಟ್ಟು ರಜೆಗೆ ಹೋದೆ.

ರಜೆ ಮುಗಿಸಿ ಬಂದಾಗ ಫ್ರಿಜ್ಜಿನ ಬಾಗಿಲಿಗೆ ಅರಿಸಿನ ಕುಂಕುಮ. ಒಳಗೆ ಏನೂ ಇರಲಿಲ್ಲ. ನನ್ನ ಮೂರು ಬಾಟಲಿಗಳು ಮೇಜಿನ ಮೇಲೆ ಫಳಫಳ ಹೊಳೆಯುತ್ತಿದ್ದವು, ಒಂದೊಂದಕ್ಕೂ ಒಂದೊಂದು ಸೇವಂತಿಗೆ.

ಅಟೆಂಡರ್ ರಂಗಣ್ಣ ಖುಷಿಯಿಂದಲೇ ಹೇಳಿದರು. “ಪೂಜೆ ದಿನ ಮೋರಿ ನೀರು ಇಟ್ಕೋಬಾರ್ದು ಅಂತ ಸಾರೇ ಹೇಳಿದ್ರು ಕಣಮ್ಮ. ಸಿಂಕಿಗೆ ಚೆಲ್ಲಿ, ಸೋಪು ಹಾಕಿ ಮೂರ್ ಸಲ ತೊಳ್ದೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿದ್ದನ್ನು ಮಾಡಿದ ರಂಗಣ್ಣನನ್ನು ಬೈದು ಏನು ಬಂತು? ಸೀದಾ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ನನ್ನ ಪ್ರಾಜೆಕ್ಟಿಗೆ ಸಹಿ ಹಾಕಿದವರೂ ಅವರೇ. ಮಷೀನು, ಎರಡು ತಿಂಗಳು, ಕೆಂಪಮ್ಮನ ಹಸು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನಗುತ್ತಾ ಪುರಿ-ಕಡಲೆಯ ಪೊಟ್ಟಣ ಮುಂದೆ ತಳ್ಳಿದರು.

“ನದಿ ಎಲ್ಲಿಗೂ ಹೋಗಲ್ಲ ಬಿಡಮ್ಮ. ಇನ್ನೊಂದ್ಸಲ ತುಂಬ್ಕೊಂಡು ಬಾ.”

ನದಿ ಅಲ್ಲೇ ಇರುತ್ತದೆ, ಸರಿ. ಆ ದಿನದ ನೀರು ಇರುತ್ತದೆಯೇ? ಇಷ್ಟು ತಿಳಿಯದವರಿಗೆ ಡಾಕ್ಟರೇಟ್ ಕೊಟ್ಟವರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಾರ್ಕ್ಸ್ ಅವರ ಕೈಯಲ್ಲಿತ್ತು.

ಕೆಂಪಮ್ಮನಿಗೆ ಹೇಳಲೇಬೇಕಾಗಿತ್ತು. ಅವರು ಸಗಣಿ ಬಾಚುತ್ತಲೇ ಎಲ್ಲ ಕೇಳಿಸಿಕೊಂಡು ಅಂದರು:

“ಪೂಜೆ ಪಾಯಸಕ್ಕೆ ಕ್ಯಾಂಟೀನ್‌ನೋರು ನಮ್ಮನೆ ಹಾಲೇ ತಗೊಂಡೋದ್ರು ಕಣವ್ವ. ಅದೂ ಇದೇ ನೀರು ಕುಡಿಯೋ ಹಸಿಂದು. ಅದನ್ಯಾಕೆ ಚೆಲ್ಲಲಿಲ್ಲ ಅವ್ರು?”

ಆಮೇಲೆ ನನ್ನ ಪ್ರಾಜೆಕ್ಟಿನ ಗಡುವು ಮುಗಿಯುವವರೆಗೂ ಆ ವಾಸನೆ ಬರಲಿಲ್ಲ. ಸಾಧಾರಣ ದಿನದ ನೀರನ್ನೇ ಪರೀಕ್ಷಿಸಿ, ನೋವಿನ ಮಾತ್ರೆಯ ಅಂಶ ಅಷ್ಟಿಷ್ಟು ಸಿಕ್ಕಿತೆಂದು ಬರೆದೆ. ಅದು ಕೆಂಪಮ್ಮನಿಗೆ ಬೇಕಾಗಿದ್ದ ಸಾಕ್ಷಿಯಲ್ಲ. ಅವರು ಹಸುಗಳನ್ನು ಮಾರಿಬಿಟ್ಟರೆಂದು ರಂಗಣ್ಣನಿಂದ ಗೊತ್ತಾಯಿತು.

ನನಗೆ ಫಸ್ಟ್ ಕ್ಲಾಸ್ ಬಂತು. ಆ ಪ್ರಾಜೆಕ್ಟ್ ಪುಸ್ತಕ ಈಗಲೂ ಮನೆಯಲ್ಲಿದೆ. ಮೊದಲ ಪುಟದಲ್ಲೇ ಮುಖ್ಯಸ್ಥರ ‘ಅಮೂಲ್ಯ ಮಾರ್ಗದರ್ಶನ’ಕ್ಕೆ ನಾನು ಕೃತಜ್ಞತೆ ಅರ್ಪಿಸಿದ್ದೇನೆ. ಕೆಂಪಮ್ಮನ ಹೆಸರು ಎಲ್ಲೂ ಇಲ್ಲ. ಮುಖ್ಯಸ್ಥರ ಮೇಲಿನ ಸಿಟ್ಟು ಇಷ್ಟು ವರ್ಷಕ್ಕೆ ಎಷ್ಟೋ ಇಳಿದಿದೆ. ಆ ಪುಟ ಬರೆದ ನನ್ನ ಮೇಲಿನದು ಇಳಿದಿಲ್ಲ.