ನಿಂಬೆಹಣ್ಣು ತಿಕ್ಕಿದ ಗುಂಡಿಗೆ

ಶಿರಾದ ಒಂದು ಪಶುರೋಗ ಪ್ರಯೋಗಾಲಯದಲ್ಲಿ ಶಿವರಂಜನಿಗೆ ಕೆಲಸ. ಏನು ಕೆಲಸ ಅಂತ ಯಾರಾದರೂ ಕೇಳಿದರೆ ತಾಯಿ ಚನ್ನಮಲ್ಲಮ್ಮ, "ಔಷ್ದಿ ಕಾಯಿಸ್ತಾಳೆ" ಎಂದು ಮಾತು ಮುಗಿಸಿಬಿಡುತ್ತಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಗಳು ಕುರಿಯ ಗುಂಡಿಗೆ ಬೇಯಿಸುತ್ತಾಳೆ ಅಂತ ಬೀದಿಯವರಿಗೆ ಹೇಳೋದು ಹೇಗೆ, ಪಾಪ! ಆದರೆ ನಿಜ ಅದೇ. ಗಾಳಿ ತಾಗಿದರೆ ಬೆಳೆಯದ ರೋಗಾಣುಗಳಿವೆ, ಅವಕ್ಕೆ ಮಾಂಸದ ಸಾರು ಬೇಕು. ಗುಂಡಿಗೆಯನ್ನು ಸಣ್ಣಗೆ ಕೊಚ್ಚಿ, ಅದರ ಹುಳಿ ಮುರಿಯಲು ಅಳತೆಯ ಕ್ಷಾರ ಹಾಕಿ ಬೇಯಿಸಿ, ಗಾಜಿನ ಟ್ಯೂಬುಗಳಿಗೆ ತುಂಬಬೇಕು. ಬಳಸುವ ಮುಂಚೆ ಮತ್ತೊಮ್ಮೆ ಕುದಿಸಿ ಒಳಗಿನ ಗಾಳಿಯನ್ನೆಲ್ಲ ಓಡಿಸಬೇಕು.

ಕೆಲಸವೆಲ್ಲ ಬರುತ್ತಿತ್ತು, ವಾಸನೆಯೊಂದು ಆಗುತ್ತಿರಲಿಲ್ಲ. ಕುತುಬುದ್ದೀನನ ಮಟನ್ ಅಂಗಡಿಯ ಮುಂದೆ ದುಪಟ್ಟಾ ಮೂಗಿಗೆ ಒತ್ತಿಕೊಂಡು, ಆ ಕಡೆ ತಿರುಗಿ ನಿಲ್ಲುತ್ತಿದ್ದಳು. ಅವನ ಹೆಂಡತಿ ಶಹರ್ಬಾನು ಗುಂಡಿಗೆ ಕೊಚ್ಚಿ ಡಬ್ಬಿಗೆ ಹಾಕಿಕೊಡುತ್ತಿದ್ದಳು. ಇವಳು ಡಬ್ಬಿಯ ಮುಚ್ಚಳ ತೆಗೆದು ಕೂಡ ನೋಡುತ್ತಿರಲಿಲ್ಲ.

ಅದೇ ಹೊತ್ತಿಗೆ ಕೊಳಾಲದ ಪರ್ವತಯ್ಯನ ಕುರಿಗಳು ಸಾಯತೊಡಗಿದವು. ಸಂಜೆ ಮೇಯ್ದು ಬಂದದ್ದು ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತಿತ್ತು. ಸತ್ತ ಕುರಿಯ ಕರುಳಿನ ತುಂಡನ್ನು ಅವನೇ ಐಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ. "ಏನ್ ಕಾಯ್ಲೆ ಅಂತ ಬೇಗ ಹೇಳ್ಬುಡವ್ವ, ಉಳಿದವನ್ನಾದ್ರೂ ಉಳಿಸ್ಕೊತೀನಿ" ಎಂದು ಕೈಮುಗಿದ. ರೋಗಾಣು ಯಾವುದೆಂದು ಗೊತ್ತಾಗದೆ ಯಾವ ಲಸಿಕೆ ಹಾಕಿಸುವುದು?

ಶಿವರಂಜನಿ ಕರುಳಿನ ಒಂದು ಚೂರನ್ನು ಸಾರಿನ ಟ್ಯೂಬಿಗೆ ಹಾಕಿಟ್ಟಳು. ಮಾರನೆಯ ದಿನ ನೋಡಿದರೆ ಸಾರು ತಿಳಿಯಾಗಿಯೇ ಇದೆ, ಒಂದು ಗುಳ್ಳೆಯಿಲ್ಲ. ರೋಗಾಣು ಇಲ್ಲವೆಂದು ಬರೆದುಬಿಡೋಣ ಎಂದುಕೊಂಡವಳ ಕಣ್ಣು ಪಕ್ಕದ ಟ್ಯೂಬಿಗೆ ಬಿತ್ತು. ಅದರಲ್ಲಿದ್ದದ್ದು ಪರೀಕ್ಷೆಗೆಂದೇ ಇಟ್ಟ, ಬೆಳೆದೇ ತೀರಬೇಕಾದ ರೋಗಾಣು. ಅದೂ ಬೆಳೆದಿರಲಿಲ್ಲ. ಅಯ್ಯೋ ದೇವರೇ, ಸಾರೇ ಕೆಟ್ಟಿದೆ! ಹುಳಿ ನೋಡುವ ಕಾಗದ ಅದ್ದಿದಳು, ಕೆಂಪಗಾಯಿತು; ಹಾಕಿದ ಕ್ಷಾರಕ್ಕೂ ಹುಳಿ ಮುರಿದಿರಲಿಲ್ಲ. ಬೇಯಿಸಿದ ದಿನವೇ ಅದ್ದಬೇಕಿತ್ತು. ವಾಸನೆ ತಾಳದೆ ಹೊರಗೆ ಓಡಿದ್ದಳು, ಮಹಾರಾಯಿತಿ. ಅಷ್ಟರಲ್ಲಿ ಪರ್ವತಯ್ಯನ ಫೋನು: "ಇನ್ನೆರಡು ಹೋದ್ವು ಕಣಮ್ಮ."

ನೇರ ಅಂಗಡಿಗೆ ಹೋದಳು. "ಅಕ್ಕಾ, ಮಾಂಸಕ್ಕೆ ಏನಾದ್ರೂ ಹಾಕಿದ್ರಾ?"

ಶಹರ್ಬಾನು ಮುಖ ಅರಳಿತು. "ಹ್ಞೂಂ ಮತ್ತೆ! ಪಾಪ, ನೀನು ಮೂಗು ಮುಚ್ಕೊಂಡು ನಿಲ್ಲೋದು ನೋಡಕ್ಕಾಗ್ಲಿಲ್ಲ. ನಮ್ಮನೇಲಿ ಮಾಡೋ ಹಂಗೆ ನಿಂಬೆಹಣ್ಣು ಚೆನ್ನಾಗಿ ತಿಕ್ಕಿ ಕೊಟ್ಟೆ. ವಾಸ್ನೆ ಹೋಯ್ತಲ್ವಾ?"

ಬೈಯುವಂತಿರಲಿಲ್ಲ. ಅವಳು ಮಾಡಿದ್ದು ಪ್ರೀತಿಗೆ. ಶಿವರಂಜನಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, "ಕತ್ತಿ ಇಲ್ಲಿ ಕೊಡಿ ಅಕ್ಕಾ, ಹೆಂಗೆ ಕೊಚ್ಚೋದು ಹೇಳ್ಕೊಡಿ" ಎಂದಳು. ಕೈಯೆಲ್ಲ ರಕ್ತವಾಯಿತು. ಎರಡು ಸಲ ಓಕರಿಕೆ ಬಂತು, ನುಂಗಿಕೊಂಡಳು. ಅಂದೇ ಬೇಯಿಸಿ, ಕಾಗದ ಅದ್ದಿ ನೋಡಿ, ಫ್ರಿಜ್ಜಿನಲ್ಲಿ ಉಳಿದಿದ್ದ ಕರುಳಿನ ಚೂರನ್ನು ಹೊಸ ಟ್ಯೂಬಿಗೆ ಹಾಕಿದಳು.

ಬೆಳಿಗ್ಗೆ ಟ್ಯೂಬಿನ ತುಂಬ ಗುಳ್ಳೆ. ಮಿಕ್ಕ ಪರೀಕ್ಷೆಗಳೂ ಕರುಳುಬೇನೆಯೆಂದೇ ಹೇಳಿದವು. ಲಸಿಕೆ ಕೊಳಾಲಕ್ಕೆ ಹೋಯಿತು, ಸಾವು ನಿಂತಿತು.

ಆಮೇಲೆ ಪರ್ವತಯ್ಯ ಫೋನಿನಲ್ಲಿ ಕೇಳಿದ, "ಯಾಕವ್ವ ಅಷ್ಟು ತಡವಾಯ್ತು?"

ರೋಗಾಣು ನಿಧಾನಕ್ಕೆ ಬೆಳೆಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. "ನನ್ ತಪ್ಪು ಅಣ್ಣ," ಅಂದಳು. "ವಾಸ್ನೆಗೆ ಹೇಸಿಕೊಂಡು ಸರಿಯಾಗಿ ನೋಡ್ಲಿಲ್ಲ. ಮೊದ್ಲ ಸಾರು ಕೆಟ್ಟೋಗಿತ್ತು."

ಆ ಕಡೆಯಿಂದ ಕುರಿಗಳ ಅರಚಾಟ ಕೇಳುತ್ತಿತ್ತು.

"ಆಮೇಲ್ ಹೋದ್ವಲ್ಲ, ಎರಡೂ ಗಬ್ಬದ ಕುರಿ ಕಣಮ್ಮ," ಅಂದ ಪರ್ವತಯ್ಯ. ಫೋನು ಇಟ್ಟ.

ಶಿವರಂಜನಿ ಕೂತಲ್ಲೇ ಅತ್ತಳು. ಆಮೇಲೆ ಎದ್ದು, ಡಬ್ಬಿ ತೊಳೆದುಕೊಂಡು ಶಹರ್ಬಾನು ಅಂಗಡಿಗೆ ಹೊರಟಳು. ದುಪಟ್ಟಾ ಗೂಟದಲ್ಲೇ ಇತ್ತು.