ಹಾರುವ ತಟ್ಟೆಗೆ ಸಬೂತು ಬೇಕಾಗಿದೆ

ಹೋದ ಭಾನುವಾರ ನಮ್ಮ ಮಾಮಾ ಅಮೆರಿಕದ ಮರುಭೂಮಿಗೆ ಹೋಗಿ ಬಂದರು. ಬೀದರದ ಚಿದ್ರಿ ಬಡಾವಣೆಯ ನಮ್ಮ ಮನೆಯ ಸೋಫಾದಿಂದ ಏಳಲಿಲ್ಲ. ಕಣ್ಣು ಮುಚ್ಚಿದರು, ಹತ್ತು ನಿಮಿಷ ಉಸಿರು ಎಳೆದು ಬಿಟ್ಟರು, ಕಣ್ಣು ತೆರೆದು ಚಹಾ ಕೇಳಿದರು.

‘ಅಲ್ಲಿ ಇಲ್ಲ. ಮಾಲ್ ಇಲ್ಲೇ ಅದ, ನಮ್ಮ ಜಿಲ್ಲಾದಾಗ,’ ಅಂದರು.

ಮಾಲ್ ಅಂದರೆ ಹಾರುವ ತಟ್ಟೆ. ಬಿದ್ದು ಒಡೆದು ಯಾರೋ ಬಚ್ಚಿಟ್ಟ ತಟ್ಟೆ.

ಮಾಮಾ ಅಂದರೆ ಅವ್ವನ ತಮ್ಮ ವೈಜಿನಾಥ. ಔರಾದ ತಾಲೂಕಿನ ನಮ್ಮೂರಲ್ಲಿ (ಅವ್ವನ ತವರೂ ಗಂಡನ ಮನೆಯೂ ಅದೇ ಊರು) ಇಪ್ಪತ್ತರ ಪ್ರಾಯದಲ್ಲಿ ಒಂದು ಬೆಳಿಗ್ಗೆ, ಆಕಾಶದಿಂದ ಏನೋ ಬೆಳ್ಳಗೆ ಹೊಳೆಯುತ್ತ ಹೊಲಕ್ಕೆ ಇಳಿದದ್ದನ್ನು ಕಂಡರು. ಬೇರೆ ಯಾರಾದರೂ ಮನೆಗೆ ಓಡುತ್ತಿದ್ದರು. ಇವರು ಜವಾಬ್ದಾರಿ ನಾಗರಿಕ. ಬಸ್ ಹಿಡಿದು ಔರಾದಕ್ಕೆ ಹೋಗಿ ಪೊಲೀಸರನ್ನೇ ಕರೆತಂದರು. (ದಿನಕ್ಕೆರಡೇ ಬಸ್ಸಿನ ಕಾಲ. ಹೋಗಿ ಬರುವಷ್ಟರಲ್ಲಿ ಸಂಜೆ.) ಹೊಲ ಖಾಲಿ. ಊರವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: ‘ಏನೂ ಬಿದ್ದಿಲ್ಲರಿ ಸಾಹೇಬ್ರ.’ ಬಂದ ಜಮಾದಾರರು ನಕ್ಕು ಹೋದರು.

ಅಂದಿನಿಂದ ಅವರು ‘ತಾಟಿನ ವೈಜಿನಾಥ’. (ನಮ್ಮ ಕಡೆ ಊಟದ ತಟ್ಟೆಗೆ ತಾಟು ಅನ್ನುತ್ತೇವೆ.) ಕನ್ಯೆ ನೋಡಲು ಹೋದರೆ ಆ ಹೆಸರು ಇವರಿಗಿಂತ ಮೊದಲೇ ಅಲ್ಲಿ ಮುಟ್ಟಿರುತ್ತಿತ್ತು. ಅಣಕ ತಾಳಲಾರದೆ ಆ ತಿಂಗಳಲ್ಲೇ ಭಾಲ್ಕಿಗೆ ಹೋಗಿ ಬಟ್ಟೆ ಅಂಗಡಿ ಸೇರಿದವರು, ಮತ್ತೆ ಊರಿಗೆ ಬಂದದ್ದು ಕಡಿಮೆ. ಈಗ ಅರವತ್ತು ದಾಟಿದೆ. ಬೇಕಾಗಿರುವುದು ಒಂದೇ. ವೈಜಿನಾಥ ಸುಳ್ಳು ಹೇಳಿರಲಿಲ್ಲ ಅಂತ ಊರು ಒಮ್ಮೆ ಅನ್ನಬೇಕು.

ಈ ಆಸೆಗೆ ಯೂಟ್ಯೂಬ್ ಗಂಟುಬಿತ್ತು. ಅಲ್ಲೊಬ್ಬ ಗುರು ಮನಸ್ಸಿನಿಂದಲೇ ದೂರದ್ದನ್ನು ನೋಡುವ ವಿದ್ಯೆ ಕಲಿಸುತ್ತಾನೆ. ಸರ್ಕಾರಗಳು ಮುಚ್ಚಿಟ್ಟ ತಟ್ಟೆಯ ಚೂರುಗಳನ್ನೂ ಹೀಗೇ ಪತ್ತೆ ಮಾಡಬಹುದಂತೆ. ಕಣ್ಣು ಮುಚ್ಚಬೇಕು, ಕೈಗೆ ಬಂದದ್ದು ಗೀಚಬೇಕು, ಗೀಚಿದ್ದು ಎಲ್ಲಿದೆ ಅಂತ ಹುಡುಕಬೇಕು.

ಮಾಮಾ ಗೀಚಿದ್ದು ಒಂದು ಅರ್ಧ ಗೋಲ. ಸರಿ, ಆಟೋ ಹಿಡಿದು ಬೀದರ ಸುತ್ತಿದೆವು. ಈ ಊರಲ್ಲಿ ಅರ್ಧ ಗೋಲ ಹುಡುಕುವುದು ಎಷ್ಟು ಕಷ್ಟ ಹೇಳಿ? ಸುಲ್ತಾನರು ಅದನ್ನೇ ಕಟ್ಟಿ ಹೋಗಿದ್ದಾರೆ. ಪ್ರತಿ ಗುಮ್ಮಟದ ಮುಂದೆ ಮಾಮಾ ‘ಬರೋಬರ್ ಇದೇ’ ಅಂದರು. ಐದನೆಯದಕ್ಕೆ ಆಟೋದವನೇ ಕೇಳಿದ, ‘ಕಾಕಾ, ಏನರೆ ಕಳದದೇನ್ರಿ ನಿಮ್ಮದು?’

‘ಹೆಸರು,’ ಅಂದರು ಮಾಮಾ.

ಮರುದಿನ, ತಟ್ಟೆ ಬಿದ್ದ ಜಾಗದಲ್ಲೇ ಕೂತು ನೋಡುತ್ತೇನೆ ಅಂತ ಊರಿಗೆ ಹೊರಟರು. ನಾನೂ ಜೊತೆಗೆ. (ಅಂಕಣಕ್ಕೆ ಸರಕು ಸಿಗುತ್ತದಲ್ಲ?) ಮೊದಲು ಶರಣಮ್ಮ ಅತ್ತಿಯ ಮನೆಗೆ ಹೋದೆವು. ಮಾಮಾನ ತೀರಿಹೋದ ಅಣ್ಣನ ಹೆಂಡತಿ ಈಕೆ, ಮಾಮಾನಿಗೆ ವೈನಿ. ಮಾಮಾ ಪಡಸಾಲೆಯಲ್ಲೇ ಕಣ್ಣು ಮುಚ್ಚಿ ರಿಹರ್ಸಲ್ ಶುರು ಮಾಡಿದರು. ಅತ್ತಿ ಒಣಮೆಣಸಿನಕಾಯಿ ತಂದು ಎದುರಿಗೆ ಕೂತು ತೊಟ್ಟು ಬಿಡಿಸತೊಡಗಿದರು. ಮೆಣಸಿನಕಾಯಿ ಹರವಿದ್ದು ಒಂದು ಅಗಲವಾದ ತಗಡಿನ ಮೇಲೆ. ಹಗುರ, ತುಕ್ಕಿಲ್ಲ, ಅಂಚಿನಲ್ಲಿ ಅಳಿಸಿಹೋದ ಇಂಗ್ಲಿಷ್ ಅಕ್ಷರ.

‘ಇದ ಎಲ್ಲಿದು ಅತ್ತಿ?’

‘ನಿಮ್ಮ ಮಾಮಾನ ತಾಟಿಂದೇ,’ ಅಂದರು ಅತ್ತಿ, ತಲೆ ಎತ್ತದೆ.

ಮಾಮಾ ಕಣ್ಣು ತೆರೆದರು.

ಅಂದು ಮಾಮಾ ಬಸ್ಸಿಗೆ ಕಾಯುತ್ತಿದ್ದಾಗಲೇ ಊರು ಹೊಲಕ್ಕೆ ನುಗ್ಗಿತ್ತಂತೆ. ಹೊಲದ ತುಂಬ ತೆಳು ಪ್ಲಾಸ್ಟಿಕ್, ಹಗ್ಗ, ಒಂದು ತಗಡಿನ ಡಬ್ಬಿ. (ವಿಜ್ಞಾನಿಗಳು ಹಾರಿಬಿಡುವ ದೊಡ್ಡ ಬಲೂನು ಇರಬೇಕು. ಮಾಮಾ ಈಗಲೂ ಒಪ್ಪುವುದಿಲ್ಲ.) ಮಳೆಗಾಲ ಎದುರಿಗಿತ್ತು. ಬಣವೆಗೆ ಇಷ್ಟು, ಸೋರುವ ಮಾಳಿಗೆಗೆ ಇಷ್ಟು ಅಂತ ಕುಡುಗೋಲಿನಿಂದ ಕೊಯ್ದು ಹಂಚಿಕೊಂಡರು. ಪೊಲೀಸರನ್ನು ಕಂಡಾಗ, ಹಂಚಿಕೊಂಡದ್ದು ಕೇಸಾದೀತೆಂದು ಎಲ್ಲರೂ ಇಲ್ಲ ಅಂದುಬಿಟ್ಟರು.

‘ಮತ್ತ ನಲವತ್ತ ವರ್ಷ ನನಗ ಸುಳ್ಳ ಯಾಕ ಅಂದ್ರಿ ವೈನಿ?’

‘ಪೊಲೀಸರ ಮುಂದ ಒಮ್ಮಿ ಇಲ್ಲ ಅಂದ ಮ್ಯಾಲ, ಆಮ್ಯಾಲ ಹೌದ ಅಂತ ಹ್ಯಾಂಗ ಅನ್ನಬೇಕು ತಮ್ಮಾ?’

‘ಈಗರೆ ಕಟ್ಟಿ ಮ್ಯಾಲ ನಾಕ ಮಂದಿ ಮುಂದ ಅನ್ರಿ.’

‘ಈಗ್ಯಾಕ ಅದೆಲ್ಲ. ಕೈ ತೊಳಕೋ, ಊಟ ಮಾಡು.’

ಮಾಮಾ ಊಟ ಮಾಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಮನುಷ್ಯ ಸರ್ಕಾರದ ಮೇಲೆ ಗುಮಾನಿಪಟ್ಟು ಅಮೆರಿಕದ ತನಕ ಹುಡುಕಿ ಬಂದ. ಬಚ್ಚಿಟ್ಟವರು ಯಾರು? ಅವನ ಓಣಿಯವರು, ಅವನ ಮನೆಯವರು. ಸಿಕ್ಕಿಬಿದ್ದಾಗಲೂ ಊಟಕ್ಕೆ ಕರೆಯುತ್ತಾರೆ.

ಮರಳುವಾಗ ಬಸ್ಸು ಸಂತಪುರ ದಾಟಿತು. ಮಾಮಾ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು, ‘ನಿಮ್ಮವ್ವ ಏನ ತೊಗೊಂಡಿದ್ಳು?’

‘ನನಗೇನ ಗೊತ್ತರಿ ಮಾಮಾ, ನಾ ಆಗ ಸಣ್ಣಾಂವ,’ ಅಂದೆ.

ಮಾಮಾ ಈ ಅಂಕಣವನ್ನು ಪ್ರತಿ ವಾರ ಓದುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಮೂರು ಮಳೆಗಾಲ ನಾನು ಸಾಲೆಗೆ ಹೋದದ್ದು ಅದೇ ಪ್ಲಾಸ್ಟಿಕ್ಕಿನ ಕೊಪ್ಪೆ ಹೊದ್ದುಕೊಂಡು.